ಪದವಿಯೂ ಉಂಟು, ಸಮವಸ್ತ್ರವೂ ಉಂಟು



ದ್ವಿತೀಯ ಪಿಯುಸಿ ಓದುತ್ತಿರುವ ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡೇ ದಾರಿಗಳ ಮಾತು ನಡೆಯುತ್ತದೆ. ಒಂದು ಇಂಜಿನಿಯರಿಂಗ್, ಇನ್ನೊಂದು ಮೆಡಿಕಲ್. ಎರಡರ ಮಾತು ಬಂದಾಗಲೂ ಮೊದಲು ಏಳುವ ಪ್ರಶ್ನೆ ಖರ್ಚಿನದು. ಕಾಲೇಜಿನ ಶುಲ್ಕ, ಹಾಸ್ಟೆಲಿನ ವೆಚ್ಚ, ಪುಸ್ತಕಗಳ ಬೆಲೆ, ಬ್ಯಾಂಕಿನ ಸಾಲ. ಇಂಥ ಲೆಕ್ಕಾಚಾರದ ನಡುವೆ, ಪದವಿ ಶಿಕ್ಷಣದ ಹೊಣೆಯನ್ನು ಸರ್ಕಾರವೇ ಹೊತ್ತು, ಕೊನೆಗೆ ಸೇನಾಧಿಕಾರಿಯ ಹುದ್ದೆಯನ್ನೂ ನೀಡುವ ಒಂದು ಸಂಸ್ಥೆ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಅದೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ. ಇದನ್ನು ಸೇರುವ ಬಗೆ ಯಾವುದು, ಸೇರುವ ಮುನ್ನ ಯೋಚಿಸಬೇಕಾದ ಸಂಗತಿಗಳೇನು ಎಂಬುದನ್ನು ಈ ದಿನ ನೋಡೋಣ.

ಈ ಅಕಾಡೆಮಿ ಪುಣೆಯ ಬಳಿ ಖಡಕವಾಸ್ಲಾ ಎಂಬಲ್ಲಿದೆ. 1949ರಲ್ಲಿ ಪಂಡಿತ ಜವಾಹರಲಾಲ್ ನೆಹರೂ ಅವರು ಇದರ ಅಡಿಗಲ್ಲನ್ನಿಟ್ಟರು. 1955ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇದರ ಮುಖ್ಯ ಕಟ್ಟಡಕ್ಕೆ ಸುಡಾನ್ ಬ್ಲಾಕ್ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಮಾಡಿದ ತ್ಯಾಗಕ್ಕೆ ಕೃತಜ್ಞತೆಯಾಗಿ ಸುಡಾನ್ ನೀಡಿದ ಹಣ ಈ ಹೆಸರಿನ ಹಿಂದಿದೆ. ಭೂಸೇನೆ, ನೌಕಾಪಡೆ, ವಾಯುಪಡೆ ಈ ಮೂರಕ್ಕೂ ಸೇರುವ ತರುಣರು ಇಲ್ಲಿ ಮೂರು ವರ್ಷ ಒಟ್ಟಿಗೆ ಕಲಿಯುತ್ತಾರೆ. ಪದವಿ ನೀಡುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಆನಂತರ ಸುಮಾರು ಒಂದು ವರ್ಷ ಭೂಸೇನೆಯವರು ಡೆಹ್ರಾಡೂನಿಗೂ, ನೌಕಾಪಡೆಯವರು ಕೇರಳದ ಎಳಿಮಲಕ್ಕೂ, ವಾಯುಪಡೆಯವರು ಹೈದರಾಬಾದಿನ ಬಳಿಯ ದುಂಡಿಗಲ್‌ಗೂ ಮುಂದಿನ ತರಬೇತಿಗೆ ಹೋಗುತ್ತಾರೆ.

ಊಟ, ವಸತಿ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಇವೆಲ್ಲದರ ವೆಚ್ಚ ಸರ್ಕಾರದ್ದು. ಕೈಖರ್ಚಿನ ಹಣವನ್ನು ಮಾತ್ರ ಪೋಷಕರು ನೋಡಿಕೊಳ್ಳಬೇಕು.

ಇನ್ನು ಅರ್ಜಿಯ ವಿಷಯ. ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತದೆ. ಸಾಮಾನ್ಯವಾಗಿ ಏಪ್ರಿಲ್ ಪರೀಕ್ಷೆಗೆ ಡಿಸೆಂಬರಿನಲ್ಲೂ, ಸೆಪ್ಟೆಂಬರ್ ಪರೀಕ್ಷೆಗೆ ಮೇ ತಿಂಗಳಲ್ಲೂ ಪ್ರಕಟಣೆ ಹೊರಬೀಳುತ್ತದೆ. ಅರ್ಜಿಯನ್ನು ಆಯೋಗದ ಅಂತರ್ಜಾಲ ತಾಣದಲ್ಲೇ ತುಂಬಬೇಕು. ವಯಸ್ಸು ಸುಮಾರು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿರಬೇಕು, ಅವಿವಾಹಿತರಾಗಿರಬೇಕು. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಭೂಸೇನೆಯ ವಿಭಾಗಕ್ಕೆ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಅರ್ಹರು. ನೌಕಾಪಡೆ ಮತ್ತು ವಾಯುಪಡೆಗೆ ಮಾತ್ರ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಅರ್ಜಿಯಲ್ಲಿ ಯಾವ ಪಡೆ ನಿಮ್ಮ ಮೊದಲ ಆಯ್ಕೆ ಎಂದು ಬರೆಯುವಾಗ ಅವಸರ ಬೇಡ. ಜನ್ಮದಿನಾಂಕವು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇರಬೇಕು ಎಂಬುದನ್ನೂ ಗಮನಿಸಿ.

ಲಿಖಿತ ಪರೀಕ್ಷೆಗೆ 900 ಅಂಕಗಳು. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಈ 600ರಲ್ಲಿ 200 ಇಂಗ್ಲಿಷಿಗೆ, ಉಳಿದ 400 ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನಗಳಿಗೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೆಯ ಒಂದು ಭಾಗದಷ್ಟು ಅಂಕ ಕಳೆಯುತ್ತಾರೆ. ಆದ್ದರಿಂದ ಊಹೆಯ ಮೇಲೆ ಗುರುತು ಹಾಕುವುದು ದುಬಾರಿ. ಗಣಿತದ ಪಠ್ಯಕ್ರಮ ನೋಡಿದರೆ ಗಾಬರಿಯಾಗಬೇಕಿಲ್ಲ. ತ್ರಿಕೋನಮಿತಿ, ಮಾತೃಕೆಗಳು, ಕಲನಶಾಸ್ತ್ರ, ಸದಿಶಗಳು, ಸಂಭವನೀಯತೆ ಇವೆಲ್ಲ ಪಿಯುಸಿಯಲ್ಲಿ ಓದುವವೇ. ಆದರೆ ಎರಡೂವರೆ ಗಂಟೆಯಲ್ಲಿ 120 ಲೆಕ್ಕಗಳು! ಅಂದರೆ ಒಂದಕ್ಕೆ ಒಂದೂಕಾಲು ನಿಮಿಷ. ವಿಷಯ ಗೊತ್ತಿದ್ದರೆ ಸಾಲದು, ಕೈಗೆ ವೇಗ ಬರಬೇಕು. ಅದು ನಿತ್ಯದ ಅಭ್ಯಾಸದಿಂದ ಮಾತ್ರ ಬರುತ್ತದೆ.

ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ನಮ್ಮ ಹಳ್ಳಿಗಳ ಎಷ್ಟೋ ಜಾಣ ವಿದ್ಯಾರ್ಥಿಗಳು ಈ ಒಂದು ಕಾರಣಕ್ಕೇ ಅರ್ಜಿ ಹಾಕದೆ ಉಳಿಯುತ್ತಾರೆ. ಇದು ನಿಜವಾದ ತೊಡಕು, ಅಲ್ಲವೆನ್ನಲಾಗದು. ಆದರೆ ದಾಟಲಾರದ ತೊಡಕಲ್ಲ. ಪ್ರಥಮ ಪಿಯುಸಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಒಂದು ಪುಟ ಓದಿ, ಅದರ ಸಾರವನ್ನು ಹತ್ತು ವಾಕ್ಯಗಳಲ್ಲಿ ಬರೆದು, ಗೆಳೆಯರೊಬ್ಬರಿಗೆ ಓದಿ ಹೇಳಿ. ಎರಡು ವರ್ಷದಲ್ಲಿ ಆಗುವ ಬದಲಾವಣೆ ನಿಮಗೇ ಆಶ್ಚರ್ಯ ತರುತ್ತದೆ.

ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸೇವಾ ಆಯ್ಕೆ ಮಂಡಳಿ, ಅಂದರೆ ಎಸ್‌ಎಸ್‌ಬಿಯ ಮುಂದೆ ಐದು ದಿನಗಳ ಪರೀಕ್ಷೆ. ಇದಕ್ಕೂ 900 ಅಂಕಗಳು. ಇಂಥ ಕೇಂದ್ರಗಳು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಇವೆ. ಮೊದಲ ದಿನವೇ ಒಂದು ಜರಡಿ. ಅನೇಕರು ಅಂದೇ ಹಿಂದಿರುಗುತ್ತಾರೆ. ಉಳಿದವರನ್ನು ಮನಶ್ಶಾಸ್ತ್ರಜ್ಞರು, ಗುಂಪು ಚಟುವಟಿಕೆಯ ಅಧಿಕಾರಿ ಹಾಗೂ ಸಂದರ್ಶಕರು, ಹೀಗೆ ಮೂವರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮನಸಾ, ವಾಚಾ, ಕರ್ಮಣಾ ಎನ್ನುತ್ತೇವಲ್ಲ, ಅದೇ ಇಲ್ಲಿನ ತತ್ವ. ನೀವು ಯೋಚಿಸುವುದು, ಆಡುವುದು, ಮಾಡುವುದು ಮೂರೂ ಒಂದೇ ಆಗಿವೆಯೇ ಎಂದು ನೋಡುತ್ತಾರೆ. ಒಂದು ಪರೀಕ್ಷೆಯಲ್ಲಿ 60 ಪದಗಳನ್ನು ಒಂದೊಂದಾಗಿ 15 ಸೆಕೆಂಡುಗಳಂತೆ ತೋರಿಸಿ, ಹೊಳೆದದ್ದನ್ನು ಬರೆಯಿರಿ ಎನ್ನುತ್ತಾರೆ. ಇನ್ನೊಂದರಲ್ಲಿ ಚಿತ್ರ ತೋರಿಸಿ ಕಥೆ ಬರೆಸುತ್ತಾರೆ. ಬಯಲಿನಲ್ಲಿ ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು, ಗುಂಪಾಗಿ ಅಡೆತಡೆ ದಾಟಿ ಎನ್ನುತ್ತಾರೆ.

ಬಾಯಿಪಾಠ ಮಾಡಿದ ಉತ್ತರಗಳು ಇಲ್ಲಿ ಏಕೆ ಸೋಲುತ್ತವೆ ಎಂಬುದು ಈಗ ಅರ್ಥವಾಗಿರಬೇಕು. ಮೂವರ ಮುಂದೆ ಐದು ದಿನ ಒಂದೇ ಮುಖವಾಡ ತೊಟ್ಟಿರುವುದು ಕಷ್ಟ. ನಿಮ್ಮ ಊರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ನಿಮ್ಮ ತಂದೆ ಬೆಳೆಯುವ ಬೆಳೆಗೆ ಈ ವರ್ಷ ಬೆಲೆ ಏಕೆ ಬಿತ್ತು ಎಂಬುದು ನಿಮಗೆ ಚೆನ್ನಾಗಿ ಗೊತ್ತಿದ್ದರೆ, ಅದನ್ನು ಸರಳ ಇಂಗ್ಲಿಷಿನಲ್ಲಿ ಹೇಳಿ. ಉಚ್ಚಾರಣೆಯ ಬೆಡಗಿಗಿಂತ ತಿಳಿವಳಿಕೆ ಮತ್ತು ಪ್ರಾಮಾಣಿಕತೆ ಮುಖ್ಯ. ಮನೆಯ ಕೆಲಸದಲ್ಲಿ ಹೊಣೆ ಹೊತ್ತು ಬೆಳೆದ ಮಕ್ಕಳಿಗೆ ಇಲ್ಲಿ ಹಿಂಜರಿಕೆಗೆ ಕಾರಣವೇ ಇಲ್ಲ.

ಹೆಣ್ಣುಮಕ್ಕಳು ಈ ಮಾತುಗಳನ್ನು ತಮಗಲ್ಲವೆಂದು ತಿಳಿಯಬಾರದು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಈ ಬಾಗಿಲು ಅವರಿಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಮಂದಿ ಯುವತಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ, 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದ ಶುಭಾಂಶು ಶುಕ್ಲಾ, ಇಬ್ಬರೂ ಈ ಅಕಾಡೆಮಿಯಲ್ಲಿ ಕಲಿತವರೇ.

ಇಷ್ಟು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ತೋರಿಸದಿದ್ದರೆ ಅನ್ಯಾಯವಾದೀತು. ಇದು ಉಚಿತ ಪದವಿಯಲ್ಲ. ಸೇವೆಯ ವಚನಕ್ಕೆ ಪ್ರತಿಯಾಗಿ ದೊರೆಯುವ ಪದವಿ. ಸೇರುವಾಗ ಪೋಷಕರು ಒಂದು ಒಪ್ಪಂದಪತ್ರಕ್ಕೆ ಸಹಿ ಮಾಡಬೇಕಾಗುತ್ತದೆ. ವಿದ್ಯಾರ್ಥಿ ತನ್ನ ಇಚ್ಛೆಯಿಂದ ನಡುವೆ ಬಿಟ್ಟುಬಂದರೆ ತರಬೇತಿಯ ವೆಚ್ಚವನ್ನು ಹಿಂತಿರುಗಿಸಬೇಕು. ತರಬೇತಿ ಕಠಿಣವಾದದ್ದು, ಗಾಯಗಳಾಗುವುದುಂಟು. ಗಾಯಗೊಂಡು ತರಬೇತಿಯಿಂದ ಹೊರಬಿದ್ದ ಕೆಡೆಟ್‌ಗಳಿಗೆ ಮಾಜಿ ಸೈನಿಕರ ಸ್ಥಾನಮಾನ ಇಲ್ಲದಿರುವ ಪ್ರಶ್ನೆಯನ್ನು 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅಧಿಕಾರಿಯಾದ ಮೇಲೆ ಗಡಿಯಲ್ಲಿ ನಿಲ್ಲುವ ದಿನವೂ ಬರಬಹುದು. ಆದ್ದರಿಂದ ಶುಲ್ಕವಿಲ್ಲ ಎಂಬುದೊಂದೇ ಕಾರಣಕ್ಕೆ ಅರ್ಜಿ ಹಾಕಬೇಡಿ. ಅಪ್ಪ ಅಮ್ಮನೊಡನೆ ಕುಳಿತು ಇವೆಲ್ಲವನ್ನೂ ಮಾತನಾಡಿ, ಒಪ್ಪಂದಪತ್ರದ ಷರತ್ತುಗಳನ್ನು ಓದಿ, ಆಮೇಲೆ ನಿರ್ಧರಿಸಿ.

ಒಂದು ಬಾರಿಗೆ ಸುಮಾರು 400 ಸ್ಥಾನಗಳು, ಬಯಸುವವರು ಲಕ್ಷಗಟ್ಟಲೆ. ಆಯ್ಕೆಯಾಗದಿದ್ದರೆ ಅದು ನಿಮ್ಮ ಯೋಗ್ಯತೆಯ ಕೊನೆಯ ತೀರ್ಪಲ್ಲ. ವಯಸ್ಸಿನ ಮಿತಿಯೊಳಗೆ ಮತ್ತೆ ಬರೆಯಬಹುದು. ಪದವಿಯ ನಂತರ ಸಿಡಿಎಸ್ ಪರೀಕ್ಷೆಯಿದೆ. ಎನ್‌ಸಿಸಿಯಲ್ಲಿ ‘ಸಿ’ ಪ್ರಮಾಣಪತ್ರ ಪಡೆದ ಪದವೀಧರರಿಗೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿಗೆ ಹೋಗುವ ಪ್ರತ್ಯೇಕ ದಾರಿಯೂ ಇದೆ. ಹಾಗಾಗಿ ಕಾಲೇಜು ಸೇರಿದೊಡನೆ ಎನ್‌ಸಿಸಿಗೆ ಹೆಸರು ಕೊಡುವುದು ಜಾಣತನ. ಆದರೆ ಪಿಯುಸಿಯ ಓದನ್ನು ಮಾತ್ರ ಕಡೆಗಣಿಸಬೇಡಿ. ಯಾವ ದಾರಿ ಹಿಡಿದರೂ ಅದೇ ನಿಮ್ಮ ಕೈಯಲ್ಲಿರುವ ಬುತ್ತಿ.

ನಾಳೆ ಬೆಳಗ್ಗೆ ಅರ್ಧ ಗಂಟೆ ಓಟ, ಸಂಜೆ ಹತ್ತು ಲೆಕ್ಕ, ರಾತ್ರಿ ಒಂದು ಪುಟ ಇಂಗ್ಲಿಷ್. ಪ್ರಕಟಣೆ ಬರುವವರೆಗೆ ಕಾಯದೆ ಇಷ್ಟರಿಂದಲೇ ಆರಂಭಿಸಿ.