ಕಂದಾಯ ಕಟ್ಟುವವರ ಸಿಟ್ಟು: ಬ್ರಿಟನ್ನಿನ ಒಂದು ಹಳೆಯ ಜಗಳ

ಲಂಡನ್ ಮಹಾನಗರದ ಆಗ್ನೇಯ ಅಂಚಿನಲ್ಲಿ ಬ್ರಾಮ್ಲಿ ಎಂಬ ಬರೋ, ಅಂದರೆ ತನ್ನದೇ ಕೌನ್ಸಿಲ್ ಇರುವ ಸ್ಥಳೀಯ ಆಡಳಿತ ಘಟಕ, ಇದೆ. ಅಲ್ಲಿಗೆ ಸುರಂಗ ರೈಲು ಹೋಗುವುದಿಲ್ಲ. 1981ರಲ್ಲಿ ಇಡೀ ಮಹಾನಗರದ ಮೇಲಿನ ಗ್ರೇಟರ್ ಲಂಡನ್ ಕೌನ್ಸಿಲ್ ಲೇಬರ್ ಪಕ್ಷದ ಕೈಗೆ ಬಂತು, ಕೆನ್ ಲಿವಿಂಗ್‌ಸ್ಟನ್ ನಾಯಕರಾದರು. ಬಸ್ಸು ಮತ್ತು ಸುರಂಗ ರೈಲಿನ ದರವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿ, ಆ ನಷ್ಟ ತುಂಬಲು ಲಂಡನ್ನಿನುದ್ದಕ್ಕೂ ಕಂದಾಯ ಏರಿಸಿದರು. ಕನ್ಸರ್ವೇಟಿವ್ ಆಡಳಿತವಿದ್ದ ಬ್ರಾಮ್ಲಿ ಕೋರ್ಟಿನ ಮೆಟ್ಟಿಲೇರಿತು. ತನ್ನ ಊರಿಗೆ ಬಾರದ ರೈಲಿಗೆ ತನ್ನ ಜನ ಯಾಕೆ ದುಡ್ಡು ತೆರಬೇಕು ಎಂಬುದು ಅದರ ತಕರಾರು. ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಮೂರ್ತಿಗಳು ಒಮ್ಮತದಿಂದ ಬ್ರಾಮ್ಲಿಯ ಪರ ನಿಂತರು. ಕಂದಾಯದ ಹಣಕ್ಕೆ ಕೌನ್ಸಿಲ್ ಧರ್ಮದರ್ಶಿಯಂತೆ ಹೊಣೆಗಾರ ಎಂದರು. ಮರುವರ್ಷ ಮಾರ್ಚಿನಲ್ಲಿ ಟಿಕೆಟ್ ದರ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಈ ಜಗಳ ಮಾತ್ರ ಅಂದು ಹುಟ್ಟಿದ್ದಲ್ಲ. 1850ರ ದಶಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಜೋಸೆಫ್ ಆಲ್ಡೇ ಎಂಬಾತನ ಬೆಂಬಲಿಗರು ತಮ್ಮನ್ನು ಮಿತವ್ಯಯಿಗಳು ಎಂದು ಕರೆದುಕೊಳ್ಳುತ್ತಿದ್ದರು. ವುಡ್‌ಮನ್ ಎಂಬ ಪಾನಗೃಹದಲ್ಲಿ ಸೇರಿ ಊರಿನ ಲೆಕ್ಕಪತ್ರ ಚರ್ಚಿಸುತ್ತಿದ್ದ ಈ ಗುಂಪು, ಕೌನ್ಸಿಲಿನಲ್ಲಿ ಬಹುಮತ ಸಿಕ್ಕಾಗ ರಸ್ತೆ, ಚರಂಡಿಗಳ ಖರ್ಚಿಗೆ ಕತ್ತರಿ ಹಾಕಿತು. ಕಂದಾಯವೇನೋ ಹತೋಟಿಗೆ ಬಂತು. ಕೊಳಚೆ ಹಾಗೇ ಉಳಿಯಿತು. 1873ರಲ್ಲಿ ಮೇಯರ್ ಆದ ಜೋಸೆಫ್ ಚೇಂಬರ್ಲೇನ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದು, ಗ್ಯಾಸ್ ಕಂಪನಿಗಳನ್ನೂ ನೀರಿನ ಕಂಪನಿಯನ್ನೂ ಊರಿಗೇ ಕೊಂಡುಕೊಂಡರು.

ಲಂಡನ್ ಕೌಂಟಿ ಕೌನ್ಸಿಲ್ ಹುಟ್ಟಿದ್ದು 1889ರಲ್ಲಿ, ಕನ್ಸರ್ವೇಟಿವ್ ಪ್ರಧಾನಿ ಸಾಲಿಸ್ಬರಿಯ ಸರ್ಕಾರ ಮಾಡಿದ ಕಾನೂನಿನಿಂದ. ಮೊದಲ 18 ವರ್ಷ ಅದನ್ನು ಆಳಿದವರು ಮಾತ್ರ ಪ್ರೋಗ್ರೆಸಿವ್ ಪಕ್ಷದವರು. ಟ್ರ್ಯಾಮು, ಬಡವರ ವಸತಿ ಎಂದು ಧಾರಾಳವಾಗಿ ಖರ್ಚು ಮಾಡಿದರು. 1907ರ ಚುನಾವಣೆಯಲ್ಲಿ ಅವರೆದುರು ಒಂದು ಪೋಸ್ಟರು ಎದ್ದಿತು. ನಮಗೆ ಬೇಕಿರುವುದು ನಿಮ್ಮ ದುಡ್ಡು ಎಂದು ದಡೂತಿ ಮನುಷ್ಯನೊಬ್ಬ ಮತದಾರರತ್ತ ಬೆರಳು ಚಾಚಿದ ಚಿತ್ರ ಅದರಲ್ಲಿತ್ತು. ಕನ್ಸರ್ವೇಟಿವರ ಬೆಂಬಲದ ಮುನಿಸಿಪಲ್ ರಿಫಾರ್ಮ್ ಪಕ್ಷ ಗೆದ್ದು, 1934ರವರೆಗೆ ಕುರ್ಚಿ ಬಿಡಲಿಲ್ಲ.

ಆ ನಡುವೆಯೇ, 1921ರಲ್ಲಿ, ಪೂರ್ವ ಲಂಡನ್ನಿನ ಪಾಪ್ಲರ್ ತಿರುಗಿಬಿತ್ತು. ಬಡವರ ಊರಾದ ಅಲ್ಲಿ ನಿರುದ್ಯೋಗಿಗಳ ಪರಿಹಾರದ ಭಾರವೂ ಬಡವರ ಮೇಲೆಯೇ. ಕೌಂಟಿ ಕೌನ್ಸಿಲಿಗೆ ಸೇರಬೇಕಾದ ಕಂದಾಯವನ್ನು ಎತ್ತುವುದೇ ಇಲ್ಲ ಎಂದು ಜಾರ್ಜ್ ಲ್ಯಾನ್ಸ್‌ಬರಿ ಮತ್ತು ಸಂಗಡಿಗರು ಪಟ್ಟು ಹಿಡಿದರು. 30 ಕೌನ್ಸಿಲರುಗಳು ಜೈಲು ಸೇರಿದರು. ಸರ್ಕಾರ ಮಣಿದು, ಬಡವರ ಪರಿಹಾರದ ಹೊರೆಯನ್ನು ಇಡೀ ಲಂಡನ್ನಿಗೆ ಹಂಚಿತು. ಕನ್ಸರ್ವೇಟಿವರ ಬಾಯಲ್ಲಿ ಮಾತ್ರ ಪಾಪ್ಲರಿಸಂ ಎಂಬುದು ಮುಂದೆ ಬಹುಕಾಲ ಬೈಗುಳವಾಗಿ ಉಳಿಯಿತು.

ಖರ್ಚಿನ ತಕರಾರಿಗೆ ಯೋಜನೆಯ ತಕರಾರು ಸೇರಿಕೊಂಡಿದ್ದು ಎರಡನೇ ಮಹಾಯುದ್ಧದ ನಂತರ. 1947ರ ಕಾನೂನು ಬಂದ ಮೇಲೆ ಸ್ವಂತ ಜಮೀನಿನಲ್ಲಿ ಕಟ್ಟಡ ಎಬ್ಬಿಸುವುದಕ್ಕೂ ಸ್ಥಳೀಯ ಸಂಸ್ಥೆಯ ಅನುಮತಿ ಬೇಕಾಯಿತು. ಅರ್ಥಶಾಸ್ತ್ರಜ್ಞ ಹಯೆಕ್ 1960ರ ತಮ್ಮ ಗ್ರಂಥದಲ್ಲಿ ವಸತಿ ಮತ್ತು ನಗರ ಯೋಜನೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು ಇಂಥ ನಿಯಂತ್ರಣವನ್ನು ಟೀಕಿಸಿದರು. ಆದರೆ ಅಧಿಕಾರದಲ್ಲಿದ್ದ ಕನ್ಸರ್ವೇಟಿವರ ನಡೆ ಬೇರೆಯಾಗಿತ್ತು. ನಗರಗಳ ಸುತ್ತ ಹಸಿರು ವಲಯ ಗುರುತಿಸಿ ಎಂದು 1955ರಲ್ಲಿ ಕೌನ್ಸಿಲುಗಳನ್ನು ಹುರಿದುಂಬಿಸಿದ್ದು ಅವರದೇ ಮಂತ್ರಿ ಡಂಕನ್ ಸ್ಯಾಂಡಿಸ್. 1963ರಲ್ಲಿ ತಲೆಗೊಂದು ಕಾರ್ಮಿಕರ ಟೊಪ್ಪಿಗೆ ಹಾಕಿಕೊಂಡು ಈಶಾನ್ಯ ಇಂಗ್ಲೆಂಡಿಗೆ ಹೋಗಿ ಪ್ರಾದೇಶಿಕ ಅಭಿವೃದ್ಧಿಯ ಯೋಜನೆ ತಂದಿದ್ದು ಅವರದೇ ಲಾರ್ಡ್ ಹೇಲ್ಶಮ್. ಬ್ರಾಮ್ಲಿ ಯಾವುದರ ಮೇಲೆ ದಾವೆ ಹೂಡಿತೋ ಆ ಗ್ರೇಟರ್ ಲಂಡನ್ ಕೌನ್ಸಿಲನ್ನು ರಚಿಸಿದ್ದೂ ಅದೇ ವರ್ಷದ ಕನ್ಸರ್ವೇಟಿವ್ ಕಾನೂನೇ.

1979ರಲ್ಲಿ ಮಾರ್ಗರೆಟ್ ಥ್ಯಾಚರ್ ಬಂದರು. ಟೀಕೆ ಸರ್ಕಾರದ ನೀತಿಯಾಯಿತು. ಲೇಬರ್ ಸರ್ಕಾರ 1965ರಲ್ಲಿ ಹುಟ್ಟುಹಾಕಿದ್ದ ಪ್ರಾದೇಶಿಕ ಆರ್ಥಿಕ ಯೋಜನಾ ಮಂಡಳಿಗಳು ಮೊದಲ ವರ್ಷವೇ ರದ್ದಾದವು. 1981ರಲ್ಲಿ ಲಂಡನ್ನಿನ ಪಾಳುಬಿದ್ದ ಹಡಗುಕಟ್ಟೆಗಳ ಯೋಜನಾಧಿಕಾರವನ್ನು ಸ್ಥಳೀಯ ಕೌನ್ಸಿಲುಗಳಿಂದ ಕಸಿದು ಒಂದು ನಿಗಮಕ್ಕೆ ಕೊಡಲಾಯಿತು. ಅಲ್ಲಿ ಕ್ಯಾನರಿ ವಾರ್ಫ್‌ನ ಗಗನಚುಂಬಿಗಳು ಎದ್ದವು. ಯೋಜಕರು ದಾರಿ ಬಿಟ್ಟರೆ ಬಂಡವಾಳ ತಾನಾಗಿ ಬರುತ್ತದೆ ಎನ್ನುವವರಿಗೆ ಅದೇ ಸಾಕ್ಷಿ. ಬಹುಪಾಲು ಸಾರ್ವಜನಿಕ ಹಣದಿಂದ ಜುಬಿಲಿ ಮಾರ್ಗದ ರೈಲು ಅಲ್ಲಿಗೆ ತಲುಪಿದ್ದು 1999ರಲ್ಲಿ.

1984ರ ಕಾನೂನು ಕೌನ್ಸಿಲುಗಳು ಎಷ್ಟು ಕಂದಾಯ ಹಾಕಬಹುದು ಎಂಬುದಕ್ಕೇ ಮಿತಿ ಹೇರುವ ಅಧಿಕಾರವನ್ನು ಮಂತ್ರಿಗೆ ಕೊಟ್ಟಿತು. ಪ್ರತಿಭಟನೆಯಾಗಿ ಹಲವು ಲೇಬರ್ ಕೌನ್ಸಿಲುಗಳು 1985ರಲ್ಲಿ ಕಂದಾಯವನ್ನೇ ನಿಗದಿ ಮಾಡದೆ ಕೂತವು. ಕೊನೆತನಕ ಸೆಟೆದು ನಿಂತದ್ದು ಲಿವರ್‌ಪೂಲ್ ಮತ್ತು ಲ್ಯಾಂಬೆತ್. ವಿಳಂಬದಿಂದಾದ ನಷ್ಟವನ್ನು ಆ ಕೌನ್ಸಿಲರುಗಳ ಕೈಯಿಂದಲೇ ತುಂಬಿಸಲು ಆದೇಶವಾಯಿತು, ಅವರು ಅನರ್ಹರಾದರು. ಪಾರ್ಲಿಮೆಂಟಿನ ಎದುರು ದಡದಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇರುವುದು ಇದೇ ಲ್ಯಾಂಬೆತ್‌ನಲ್ಲಿ. ಗ್ರೇಟರ್ ಲಂಡನ್ ಕೌನ್ಸಿಲಿನ ಕೌಂಟಿ ಹಾಲ್ ಇದ್ದದ್ದೂ ಅಲ್ಲೇ. ನಿರುದ್ಯೋಗಿಗಳ ಸಂಖ್ಯೆ ಬರೆದ ಫಲಕವನ್ನು ಅದರ ಮೇಲೆ ಪಾರ್ಲಿಮೆಂಟಿಗೆ ಕಾಣುವಂತೆ ಹಾಕಲಾಗಿತ್ತು. 1986ರ ಮಾರ್ಚ್ 31ರಂದು ಆ ಕೌನ್ಸಿಲೇ ಇಲ್ಲವಾಯಿತು.

ಟೀಕೆಯ ಅತಿ ಗಟ್ಟಿಯಾದ ವಾದ ಬಂದದ್ದು ಆ ವರ್ಷವೇ. ಇಂಗ್ಲೆಂಡಿನ 3.5 ಕೋಟಿ ಸ್ಥಳೀಯ ಮತದಾರರಲ್ಲಿ ಕಂದಾಯ ಕಟ್ಟಬೇಕಾದವರು 1.8 ಕೋಟಿ ಮಾತ್ರ ಎಂದಿತು ಸರ್ಕಾರದ ವರದಿ. ಬಿಲ್ಲು ಬಾರದವರು ಖರ್ಚಿಗೆ ಓಟು ಹಾಕುವುದು ತಪ್ಪಬೇಕಾದರೆ ಪ್ರತಿ ವಯಸ್ಕನಿಗೂ ಸಮನಾದ ತೆರಿಗೆ ಬೀಳಬೇಕು. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಬಂಗಲೆಯ ಒಡೆಯನಿಗೂ ತೋಟದ ಆಳಿಗೂ ಒಂದೇ ಮೊತ್ತ ಎಂದಾಗ ಜನ ರೊಚ್ಚಿಗೆದ್ದರು. ಈ ಪೋಲ್ ಟ್ಯಾಕ್ಸ್ 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಾಯಿತು. 1990ರ ಮಾರ್ಚ್ 31ರಂದು ಟ್ರಫಾಲ್ಗರ್ ಚೌಕದಲ್ಲಿ ಗಲಭೆ. ನವೆಂಬರಿನಲ್ಲಿ ಥ್ಯಾಚರ್ ರಾಜೀನಾಮೆ. ಬಿಲ್ಲುಗಳ ಬಿಸಿ ತಗ್ಗಿಸಲು 1991ರಲ್ಲಿ ದೇಶವ್ಯಾಪಿ ವ್ಯಾಟ್ ಶೇಕಡಾ 15ರಿಂದ 17.5ಕ್ಕೆ ಏರಿತು. ಕೌನ್ಸಿಲುಗಳನ್ನು ಸ್ಥಳೀಯರಿಗೆ ಉತ್ತರದಾಯಿ ಮಾಡಲು ಹೊರಟದ್ದು, ಅವು ಕೇಂದ್ರದ ಅನುದಾನಕ್ಕೆ ಇನ್ನಷ್ಟು ಜೋತುಬೀಳುವುದರಲ್ಲಿ ಮುಗಿಯಿತು.

ಕಡಿಮೆ ಕಂದಾಯಕ್ಕೆ ಹೆಸರಾದ ವೆಸ್ಟ್‌ಮಿನ್‌ಸ್ಟರ್ ಕನ್ಸರ್ವೇಟಿವರ ಮಾದರಿ ಕೌನ್ಸಿಲಾಗಿತ್ತು. ನಿರ್ವಹಣೆಯ ಖರ್ಚು ಉಳಿಸಲು ಅದು 1987ರಲ್ಲಿ ಮೂರು ಸ್ಮಶಾನಗಳನ್ನು ಒಟ್ಟು 15 ಪೆನ್ಸಿಗೆ ಮಾರಿತು. ಕೌನ್ಸಿಲ್ ಮನೆಗಳನ್ನು ಓಟಿನ ಲೆಕ್ಕದಲ್ಲಿ ಮಾರಿದ್ದಕ್ಕಾಗಿ ಅದರ ನಾಯಕಿ ಶರ್ಲಿ ಪೋರ್ಟರ್ ತಪ್ಪಿತಸ್ಥೆ ಎಂದು 2001ರಲ್ಲಿ ಲಾರ್ಡ್ಸ್ ತೀರ್ಪಿತ್ತರು.

ಟೋನಿ ಬ್ಲೇರ್ ಸರ್ಕಾರ ಪ್ರಾದೇಶಿಕ ಯೋಜನೆಗೆ ಮತ್ತೆ ಜೀವ ಕೊಟ್ಟಾಗ ಟೀಕೆಯೂ ಎದ್ದು ಕೂತಿತು. ಈಶಾನ್ಯ ಇಂಗ್ಲೆಂಡಿಗೆ ಚುನಾಯಿತ ವಿಧಾನಸಭೆ ಬೇಕೇ ಎಂದು 2004ರಲ್ಲಿ ಜನಮತ ಕೇಳಲಾಯಿತು. ವಿರೋಧಿಗಳು ಗಾಳಿ ತುಂಬಿದ ದೊಡ್ಡ ಬಿಳಿ ಆನೆಯನ್ನು ಊರೂರು ತಿರುಗಿಸಿದರು. ಶೇಕಡಾ 78ರಷ್ಟು ಮತಗಳು ಬೇಡ ಎಂದವು. 2010ರಲ್ಲಿ ಮಂತ್ರಿಯಾದ ಎರಿಕ್ ಪಿಕಲ್ಸ್ ಪ್ರಾದೇಶಿಕ ಯೋಜನೆಗಳನ್ನು ರದ್ದುಮಾಡಲು ಹೊರಟರು, 500 ಪೌಂಡ್ ಮೀರಿದ ಪ್ರತಿ ಖರ್ಚನ್ನೂ ಕೌನ್ಸಿಲುಗಳು ಪ್ರಕಟಿಸಲಿ ಎಂದರು. ಮಿತಿ ಮೀರಿ ತೆರಿಗೆ ಏರಿಸಬೇಕಾದರೆ ಜನಮತ ಬೇಕೆಂದು 2011ರ ಕಾನೂನು ಹೇಳಿತು. ಆ ಮಿತಿ ಎಷ್ಟೆಂದು ಪ್ರತಿವರ್ಷ ತೀರ್ಮಾನಿಸುವುದು ಕೇಂದ್ರ ಸರ್ಕಾರ.

ಹಲವು ವರ್ಷ ತೆರಿಗೆ ಏರಿಸದೆ ಬೀಗಿದ್ದ ಕನ್ಸರ್ವೇಟಿವ್ ಕೌಂಟಿ ನಾರ್ಥಾಂಪ್ಟನ್‌ಷೈರ್ 2018ರಲ್ಲಿ ಕೈಯಲ್ಲಿ ಕಾಸಿಲ್ಲ ಎಂದು ಘೋಷಿಸಿತು. 5.3 ಕೋಟಿ ಪೌಂಡಿನ ಹೊಸ ಕಚೇರಿ ಅದು ಕಟ್ಟಿಕೊಂಡು ವರ್ಷವೂ ತುಂಬಿರಲಿಲ್ಲ. ಇತ್ತ ಯೋಜನಾ ನಿಯಮಗಳನ್ನು ಸಡಿಲಿಸಹೊರಟ ಬೋರಿಸ್ ಜಾನ್ಸನ್ ಸರ್ಕಾರ 2021ರ ಉಪಚುನಾವಣೆಯಲ್ಲಿ ತನ್ನ ಭದ್ರಕೋಟೆಯಾಗಿದ್ದ ಚೆಶಮ್ ಮತ್ತು ಆಮರ್ಶಮ್ ಕ್ಷೇತ್ರವನ್ನು ಕಳೆದುಕೊಂಡಿತು. ಹಸಿರು ವಲಯದ ಅಂಚಿನ ಮತದಾರರಿಗೆ ಮನೆಗಳ ಹೊಸ ಸಾಲು ಬೇಡವಾಗಿತ್ತು.

2025ರ ಮೇ ತಿಂಗಳಲ್ಲಿ ಕೆಂಟ್ ಕೌಂಟಿ ಕನ್ಸರ್ವೇಟಿವರ ಕೈತಪ್ಪಿ ರಿಫಾರ್ಮ್ ಯುಕೆ ಪಕ್ಷಕ್ಕೆ ಹೋಯಿತು. ಕೌನ್ಸಿಲಿನ ದುಂದುವೆಚ್ಚ ಹುಡುಕಿ ಕತ್ತರಿಸುತ್ತೇವೆ ಎಂಬುದು ಆ ಪಕ್ಷದ ಭರವಸೆ. ಅದು ಬೆರಳು ತೋರಿದ್ದು 1997ರಿಂದ ಅಲ್ಲಿ ಆಳಿದ್ದ ಕನ್ಸರ್ವೇಟಿವರತ್ತ. ಕೆಂಟ್‌ನ ಖರ್ಚಿನಲ್ಲಿ ಅತಿ ದೊಡ್ಡ ಪಾಲು ವೃದ್ಧರ ಮತ್ತು ಅಂಗವಿಕಲರ ಆರೈಕೆಯದು. ಅದನ್ನು ಕಡ್ಡಾಯ ಮಾಡಿರುವುದು ಪಾರ್ಲಿಮೆಂಟಿನ ಕಾನೂನು. ಕೆಂಟ್‌ನ ಹೊಸ ಕೌನ್ಸಿಲರುಗಳು ಬದಲಿಸಬಹುದಾದದ್ದಲ್ಲ.