ಹತ್ತು ಕಿಲೋಮೀಟರ್ ಓಡಿ ಬಂದ ಮೇಲೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಗುರುವಂದನಾ ಸಭೆಯಲ್ಲಿ 1988–89ನೇ ಸಾಲಿನ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ನಿರೂಪಣೆ ಮಾಡುತ್ತಿರುವ ಮೇಡಂ ನನ್ನನ್ನು ‘ಮ್ಯಾರಥಾನ್ ಓಟಗಾರರು’ ಎಂದು ಪರಿಚಯಿಸಿದರು. ಅದನ್ನು ಮೊದಲು ತಿದ್ದಿಬಿಡುತ್ತೇನೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ನಾನು ಓಡಿದ್ದು ಬರೀ ಹತ್ತು. ಅದರಲ್ಲೂ ಒಂದಷ್ಟು ದೂರ ನಡೆದಿದ್ದೇನೆ. ಗಣಿತದ ಮೇಷ್ಟ್ರು ಎದುರಿಗೇ ಕೂತಿರುವಾಗ ಲೆಕ್ಕ ತಪ್ಪು ಹೇಳಲು ಧೈರ್ಯವಿಲ್ಲ.

ನಮ್ಮ ಹಟ್ಟಿಯಿಂದ ಈ ಶಾಲೆಗೆ ಐದು ಕಿಲೋಮೀಟರ್. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006–07ರಲ್ಲಿ. ನಾವು ಅದಕ್ಕಿಂತ ಬಹಳ ಹಿಂದಿನವರು. ಕೆರೆ ಏರಿ ಮೇಲೆ ಬರುವಾಗ ಮೊದಲ ಗಂಟೆ ಕೇಳಿಸಿದರೆ ಅಲ್ಲಿಂದ ಓಟ. ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆ ಏನಾಗುತ್ತಿತ್ತು ಅಂತ ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ.

ಆ ಓಟದಲ್ಲಿ ನಾನು ಯಾವತ್ತೂ ಎರಡನೆಯವನು. ನಮ್ಮ ಹಟ್ಟಿಯಿಂದಲೇ ಬರುತ್ತಿದ್ದ ಹುಡುಗಿಯೊಬ್ಬಳು ಮೊದಲು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಪುಸ್ತಕದ ಚೀಲ ತಲೆಗೆ ಹಾಕಿಕೊಂಡು ಓಡಿದರೆ ಅವಳನ್ನು ಹಿಡಿಯುವವರಿರಲಿಲ್ಲ. ಎಂಟನೇ ತರಗತಿಯಲ್ಲಿ ತಾಲ್ಲೂಕು ಮಟ್ಟದ 800 ಮೀಟರಿನಲ್ಲಿ ಬರಿಗಾಲಲ್ಲಿ ಓಡಿ ಮೊದಲ ಬಹುಮಾನ ತಂದಳು. ಸ್ಟೀಲ್ ಲೋಟ ಕೊಟ್ಟಿದ್ದರು. ಒಂಬತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟಳು. ಯಾಕೆ ಅಂತ ನಾವು ಹುಡುಗರು ಕೇಳಲಿಲ್ಲ. ನಮಗೆ ಗೊತ್ತೂ ಇರಲಿಲ್ಲ. ಆಗ ಶಾಲೆಯಲ್ಲಿ ಶೌಚಾಲಯ ಇರಲಿಲ್ಲ. ಹುಡುಗರು ಬೇಲಿ ಮರೆಗೆ ಹೋಗುತ್ತಿದ್ದೆವು. ಹುಡುಗಿಯರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ನನ್ನ ತಲೆಗೆ ಬಂದದ್ದು ನನ್ನ ಮಗಳು ಹೈಸ್ಕೂಲಿಗೆ ಹೋದ ಮೇಲೆ.

ಇರಲಿ, ಓಟದ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ಎಂಬ ಓಟ ನಡೆಯುತ್ತಿದೆ. ಮುಂದೆ ವಿದೇಶದ ದೊಡ್ಡ ಓಟಗಾರರು, ಹಿಂದೆ ನನ್ನಂಥ ಹೊಟ್ಟೆ ಬಂದವರು ಸಾವಿರಾರು ಜನ. ಅದರಲ್ಲಿ ಸೇವಾಸಂಸ್ಥೆಗಳ ಪರವಾಗಿಯೂ ಓಡಬಹುದು. ನಾನು ಇಂಥ ಕೆಲಸಕ್ಕಾಗಿ ಓಡುತ್ತಿದ್ದೇನೆ, ನಿಮ್ಮ ಕೈಲಾದಷ್ಟು ಕೊಡಿ ಎಂದು ಪರಿಚಯದವರನ್ನು ಕೇಳಬೇಕು. ಹಣ ನೇರವಾಗಿ ಸಂಸ್ಥೆಗೆ ಹೋಗುತ್ತದೆ.

ಇದನ್ನು ನಮ್ಮಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಕಣೋ, ನೀನು ಓಡಿದ್ರೆ ಅವರ್ಯಾಕೆ ದುಡ್ಡು ಕೊಡ್ತಾರೆ? ಹಿಂದೆ ನಾಯಿ ಗೀಯಿ ಬಿಡ್ತಾರಾ?” ಅಂದ. ಅಣ್ಣ ಇಲ್ಲೇ ಮೂರನೇ ಸಾಲಿನಲ್ಲಿದ್ದಾನೆ. ಅವನ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಸರಿಯಾದ ಉತ್ತರವಿಲ್ಲ.

2022ರ ಡಿಸೆಂಬರಿನಲ್ಲಿ ಶುರು ಮಾಡಿದೆ. ವಯಸ್ಸು ನಲವತ್ತೊಂಬತ್ತು. ಡಾಕ್ಟರು ಸಕ್ಕರೆ ಅಂಚಿನಲ್ಲಿದೆ ಎಂದು ಹೇಳಿ, ಹೃದಯದ ಪರೀಕ್ಷೆ ಮಾಡಿಸಿ ಆಮೇಲೆ ಬಿಟ್ಟರು. ಐವತ್ತರ ಆಸುಪಾಸಿನವರು ದಯವಿಟ್ಟು ಇದನ್ನು ಬಿಡಬೇಡಿ. ಬೆಳಿಗ್ಗೆ ಎಂಟರವರೆಗೆ ಕಬ್ಬನ್ ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ. ಅಲ್ಲಿಗೆ ಹೋಗುತ್ತಿದ್ದೆ. ಮೊದಲ ದಿನ ಎರಡು ನಿಮಿಷ ಓಡಿ, ಬಿದಿರು ಮೆಳೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆ. ಐದು ಕಿಲೋಮೀಟರ್ ಓಡಿ ಬಂದು ಪಾಠ ಕೇಳುತ್ತಿದ್ದ ಹುಡುಗ ಎಲ್ಲಿಗೆ ಹೋದ ಅಂತ ನನಗೇ ಆಶ್ಚರ್ಯ.

ಪಾರ್ಕಿನಲ್ಲಿ ದಿನವೂ ಓಡುವ ಹಿರಿಯರೊಬ್ಬರು ದಾರಿ ತೋರಿಸಿದರು. ಒಂದು ನಿಮಿಷ ಓಡು, ಎರಡು ನಿಮಿಷ ನಡಿ. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ವಾರದಲ್ಲಿ ನಾಲ್ಕು ದಿನ ಸಾಕು, ಉಳಿದ ದಿನ ಕಾಲಿಗೆ ಬಿಡುವು. ನಾನು ಮೇಷ್ಟ್ರ ಮಾತು ಕೇಳದ ಹಳೇ ಚಾಳಿಯವನು. ಫೆಬ್ರವರಿಯಲ್ಲಿ ಒಂದು ಭಾನುವಾರ ಹುಮ್ಮಸ್ಸು ಬಂದು ಮೂರರ ಬದಲು ಏಳು ಕಿಲೋಮೀಟರ್ ಓಡಿದೆ. ಮೊಣಕಾಲಿನ ಕೆಳಗೆ ಮೂಳೆಯ ಉದ್ದಕ್ಕೂ ನೋವು ಹಿಡಿದು ಮೂರು ವಾರ ಮೆಟ್ಟಿಲು ಹತ್ತಲು ಆಗಲಿಲ್ಲ. ಮತ್ತೆ ಒಂದು ನಿಮಿಷದಿಂದ ಶುರು.

ಆದರೆ ಓಡುವುದಕ್ಕಿಂತ ಕಷ್ಟವಾದದ್ದು ಕೈ ಚಾಚುವುದು. ಇಪ್ಪತ್ತೈದು ವರ್ಷ ಸಂಬಳ ತಗೊಂಡವನಿಗೆ ಇನ್ನೊಬ್ಬರ ಮುಂದೆ ಐನೂರು ರೂಪಾಯಿ ಕೇಳುವಾಗ ಗಂಟಲು ಕಟ್ಟುತ್ತದೆ. ದೊಡ್ಡ ಹುದ್ದೆಯ ಸ್ನೇಹಿತನೊಬ್ಬ ನನ್ನ ಫೋನ್ ಎತ್ತುವುದನ್ನೇ ಬಿಟ್ಟ. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರರು, ರಾಯಚೂರು ಕಡೆಯವರು, ನಾನು ಕೇಳದೆಯೇ ನೂರು ರೂಪಾಯಿ ತಂದುಕೊಟ್ಟರು. “ನಮ್ಮ ಹುಡುಗೀನೂ ಸರ್ಕಾರಿ ಸಾಲ್ಯಾಗೇ ಓದ್ತಾಳ್ರೀ ಸರ” ಅಂದರು. ಅರವತ್ತೊಂದು ಜನರಿಂದ ಒಟ್ಟು 1,12,400 ರೂಪಾಯಿ ಆಯಿತು.

2023ರ ಮೇ ತಿಂಗಳಲ್ಲಿ ಓಡಿದೆ. ಅದನ್ನು ಉದ್ದ ಮಾಡುವುದಿಲ್ಲ. ಏಳನೇ ಕಿಲೋಮೀಟರಿನಲ್ಲಿ ನಡೆದೆ, ಎಂಟರಲ್ಲಿ ಮತ್ತೆ ಓಡಿದೆ, ಒಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಮುಗಿಸಿದೆ. ಕೊರಳಿಗೆ ಪದಕ ಹಾಕಿದರು. ಅದು ಮುಗಿಸಿದವರಿಗೆಲ್ಲ ಕೊಡುವ ಪದಕ. ಆದರೂ ಮನೆಗೆ ಹೋಗುವವರೆಗೆ ಆಟೋದಲ್ಲಿ ಅದನ್ನು ತೆಗೆಯಲಿಲ್ಲ.

ನಾನು ಓಡಿದ್ದು ಸರ್ಕಾರಿ ಹೈಸ್ಕೂಲುಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯ ರಿಪೇರಿ ಮಾಡಿಸುವ ಒಂದು ಟ್ರಸ್ಟಿಗಾಗಿ. ನಮ್ಮ ಶಾಲೆಯದನ್ನೂ ಸೇರಿಸಿಕೊಳ್ಳಿ ಎಂದು ಕೇಳಿದ್ದೆ, ಒಪ್ಪಿದ್ದರು. ನಾವು ಬಿಟ್ಟ ಎಷ್ಟೋ ವರ್ಷದ ಮೇಲೆ ಕಟ್ಟಿದ ಶೌಚಾಲಯ ಅಷ್ಟರಲ್ಲಿ ಹಾಳಾಗಿತ್ತು. ಆಗಸ್ಟಿನಲ್ಲಿ ಹೊಸ ಬಾಗಿಲು, ಹೊಸ ಟೈಲ್ಸ್, ಮೇಲೆ ಟ್ಯಾಂಕು. ಟೇಪು ಕತ್ತರಿಸಿದೆವು, ಫೋಟೋ ತೆಗೆಸಿಕೊಂಡೆವು, ವಾಟ್ಸಾಪಿನಲ್ಲಿ ನೂರಾರು ಹೆಬ್ಬೆರಳು ಬಂದವು. ಸುಳ್ಳು ಹೇಳಬಾರದು, ನನಗೆ ಬಹಳ ಸಂತೋಷವಾಗಿತ್ತು. ಊರಿನ ಋಣ ತೀರಿತು ಅಂದುಕೊಂಡೆ.

ದೀಪಾವಳಿಗೆ ಬಂದಾಗ ನೋಡಲು ಹೋದೆ. ಬಾಗಿಲಿಗೆ ಬೀಗ.

ಬೈಯಬೇಕು ಅಂತ ಯಾರ್ಯಾರನ್ನೋ ಹುಡುಕಿದೆ. ಮೋಟಾರು ಸುಟ್ಟಿತ್ತು, ನೀರಿರಲಿಲ್ಲ, ತೊಳೆಯುವವರಿರಲಿಲ್ಲ. ಗಲೀಜಾಗುತ್ತದೆ ಎಂದು ಬೀಗ ಹಾಕಿದ್ದರು. ಮೇಷ್ಟ್ರುಗಳು ಒಂದೆರಡು ಸಲ ತಮ್ಮ ಜೇಬಿನಿಂದ ಕೊಟ್ಟು ತೊಳೆಸಿದ್ದರಂತೆ. ಎಷ್ಟು ದಿನ ಅಂತ ಕೊಡುತ್ತಾರೆ?

ಹಟ್ಟಿಗೆ ವಾಪಸ್ಸು ಹೋಗುವಾಗ ಕೆರೆ ಏರಿ ಮೇಲೆ ನನ್ನನ್ನು ಸೋಲಿಸುತ್ತಿದ್ದ ಆ ಹುಡುಗಿ ಸಿಕ್ಕಿದರು. ಈಗ ಅಜ್ಜಿಯಾಗಿದ್ದಾರೆ. ಮೊಮ್ಮಗಳು ಇದೇ ಶಾಲೆಯಲ್ಲಿ ಎಂಟನೇ ತರಗತಿ. ನಾನು ಓಡಿದ್ದು, ದುಡ್ಡು ಕೂಡಿಸಿದ್ದು, ಬೀಗ ಕಂಡದ್ದು ಎಲ್ಲ ಹೇಳಿದೆ. ಹುಲ್ಲಿನ ಹೊರೆ ಇಳಿಸಿ ಕೇಳಿಸಿಕೊಂಡರು. “ನೀನು ಒಂದು ದಿನ ಓಡ್ದೆ ಕಣಪ್ಪ. ಅದು ದಿನಾ ಬೇಕಾಗೋ ಜಾಗ ಅಲ್ವಾ? ದಿನಾ ನೀರು ಹಾಕೋರು ಯಾರು ಅಂತ ಮೊದ್ಲೇ ಕೇಳ್ಬೇಕಿತ್ತು” ಅಂದರು. ಆಮೇಲೆ ಏರಿಯ ಕಡೆ ನೋಡುತ್ತಾ, “ಆವಾಗ ಅದೊಂದು ಇದ್ದಿದ್ರೆ ನಾನೂ ಎಸ್ಸೆಲ್ಸಿ ಕಟ್ತಿದ್ದೆ” ಅಂದರು. ನಾನು ಹೊರೆ ಎತ್ತಿ ತಲೆಗೆ ಕೊಟ್ಟೆ. ಹೊರಟುಹೋದರು.

ಕಬ್ಬನ್ ಪಾರ್ಕಿನ ಹಿರಿಯರು ಹೇಳಿದ್ದೂ ಇದೇ ಅಲ್ಲವೇ ಅಂತ ಅವತ್ತು ರಾತ್ರಿ ಅನ್ನಿಸಿತು. ಒಂದು ದಿನ ಏಳು ಕಿಲೋಮೀಟರ್ ಓಡಿದ್ದಕ್ಕೆ ಕಾಲು ಹೋಯಿತು. ಓಟ ಬಂದದ್ದು ದಿನಾ ಸ್ವಲ್ಪ ಸ್ವಲ್ಪ ಓಡಿದ್ದರಿಂದ.

ಆಮೇಲೆ ನಮ್ಮ ಬ್ಯಾಚಿನ ಒಂಬತ್ತು ಜನ ಸೇರಿದೆವು. ಹಳೆಯ ವಿದ್ಯಾರ್ಥಿಗಳ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಿದೆವು. ಅದಕ್ಕೇ ಮೂರು ಸಲ ಕಚೇರಿ ಸುತ್ತಿದ್ದಾಯಿತು, ಆ ಕಥೆ ಬೇಡ. ಮೋಟಾರು ಕಟ್ಟಿಸಿದೆವು. ಊರಿನ ಒಬ್ಬ ತಾಯಿ ದಿನಕ್ಕೆ ಎರಡು ಸಲ ತೊಳೆಯುತ್ತಾರೆ. ಅವರ ಸಂಬಳ, ಫಿನಾಯಿಲು, ಸಣ್ಣಪುಟ್ಟ ರಿಪೇರಿ ಸೇರಿ ತಿಂಗಳಿಗೆ 4,500 ರೂಪಾಯಿ. ರಜೆಯಲ್ಲೂ ಸಂಬಳ ನಿಲ್ಲಿಸುವುದಿಲ್ಲ ಎಂದು ಮೊದಲ ಸಭೆಯಲ್ಲೇ ತೀರ್ಮಾನ ಮಾಡಿದೆವು. ಒಂದೊಂದು ಬ್ಯಾಚು ಒಂದೊಂದು ತಿಂಗಳು ವಹಿಸಿಕೊಳ್ಳುವುದು, ಖರ್ಚಿನ ಚೀಟಿ ನೋಟಿಸ್ ಬೋರ್ಡಿಗೆ ಅಂಟಿಸುವುದು. ಇದರಲ್ಲಿ ಟೇಪು ಕತ್ತರಿಸುವುದಿಲ್ಲ, ಫೋಟೋ ಇಲ್ಲ. ಹಾಗಾಗಿ ಜನ ಕೂಡಿಸುವುದು ಸ್ವಲ್ಪ ಕಷ್ಟ ಎಂಬುದನ್ನೂ ಹೇಳಿಬಿಡುತ್ತೇನೆ.

ಮಕ್ಕಳೇ, ಒಂದು ವರ್ಷದಿಂದ ಬೀಗ ಬಿದ್ದಿಲ್ಲ. ಬಿದ್ದರೆ ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ನನ್ನ ನಂಬರು ಬರೆದಿದೆ, ಮಿಸ್ಡ್ ಕಾಲ್ ಕೊಟ್ಟರೂ ಸಾಕು.

ಹತ್ತು ನಿಮಿಷ ಮೀರಿತು ಎಂದು ಮೇಡಂ ನೋಡುತ್ತಿದ್ದಾರೆ. ಇನ್ನು ಒಂದೇ ಮಾತು. ಮುಂದಿನ ವರ್ಷದ ಹನ್ನೊಂದು ತಿಂಗಳಿಗೆ ಹೆಸರು ಬಂದಿದೆ, ಫೆಬ್ರವರಿ ಖಾಲಿ ಇದೆ. 1995ರ ಬ್ಯಾಚಿನವರು ಹಿಂದೆ ನಿಂತು ಬಹಳ ಹೊತ್ತಿನಿಂದ ನಗುತ್ತಿದ್ದೀರಿ. ಊಟದ ಪಂಕ್ತಿಯ ಹತ್ತಿರ ಪುಸ್ತಕ ಹಿಡಿದುಕೊಂಡು ನಿಂತಿರುತ್ತೇನೆ.