ಕುಣಿತಕ್ಕೆ ಹತ್ತು ಡಾಲರ್, ಬೆಟ್ಟಕ್ಕೆ ಒಂದು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿ ಇಟ್ಟವನಿಗೆ ಲೈಸೆನ್ಸು ಬೇಕು, ತೂಕದ ಕಲ್ಲಿಗೆ ಮುದ್ರೆ ಬೇಕು. ಇದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ಆದರೆ ತಾತ ಮುತ್ತಾತಂದಿರ ಕುಣಿತವನ್ನು ನಾಲ್ಕು ಜನರೆದುರು ಕುಣಿಯಲು ಲೈಸೆನ್ಸು ಬೇಕೆಂದರೆ ಏನನ್ನೋಣ? ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ 1859ರಲ್ಲಿ ಅಂಥದೊಂದು ಕಾಯಿದೆ ಬಂತು. ಅಲ್ಲಿನ ಮೂಲ ನಿವಾಸಿಗಳ ನಾಟ್ಯಕ್ಕೆ ಹುಲ ಎಂದು ಹೆಸರು. ಹಣ ಪಡೆದು ಹುಲ ಆಡಿಸುವವರು ಪ್ರತಿ ಸಲಕ್ಕೂ ಹತ್ತು ಡಾಲರ್ ಕಟ್ಟಬೇಕು. ಅದೂ ಹೊನೊಲುಲು ಪಟ್ಟಣದಲ್ಲಿ ಮಾತ್ರ.

ಈ ಕುಣಿತದಲ್ಲಿ ಅಂಥ ಅಪಾಯ ಏನಿತ್ತು? ಸಿನಿಮಾದಲ್ಲಿ ತೋರಿಸುವ ಹುಲ್ಲಿನ ಲಂಗದ ಕುಣಿತವನ್ನು ಮರೆತುಬಿಡಿ. ಹುಲಕ್ಕೆ ಬೇರು ಹಾಡಿನ ಮಾತು. ಮಾತಿಲ್ಲದೆ ಹುಲ ಇಲ್ಲ; ಬಾಯಿ ಹೇಳಿದ್ದನ್ನು ಕೈ ತೋರಿಸುತ್ತದೆ. ಯಾವ ಕಣಿವೆಯ ಮಳೆಗೆ ಯಾವ ಹೆಸರು, ಯಾವ ದಿಕ್ಕಿನ ಗಾಳಿಗೆ ಯಾವ ಹೆಸರು, ತೊರೆ ಯಾವುದು, ಮೀನಿನ ಕೊಳ ಎಲ್ಲಿತ್ತು, ಯಾರ ವಂಶ ಯಾವ ನೆಲದ್ದು ಎಲ್ಲವೂ ಅದರಲ್ಲಿತ್ತು. ಲಿಪಿ ಬರುವ ಮೊದಲು ಆ ಜನಕ್ಕೆ ಅದೇ ಪಹಣಿ, ಅದೇ ಪಂಚಾಂಗ.

1830ರಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಿದ್ದ ರಾಣಿ ಕಾಹುಮಾನು ಇದನ್ನು ನಿಷೇಧಿಸಿದಳು. ಪಾದ್ರಿಗಳಿಗೆ ಇದು ಅನೀತಿಯಾಗಿ ಕಂಡಿತು. ಅದು ಅರ್ಧ ಕಥೆ. ಉಳಿದರ್ಧ ಸಕ್ಕರೆಯದು. 1848ರ ಭೂವಿಭಜನೆಯಲ್ಲಿ ನೆಲ ರಾಜನಿಗೆ, ಸರದಾರರಿಗೆ, ಸರ್ಕಾರಕ್ಕೆ ಹಂಚಿಹೋಯಿತು. ಆಮೇಲೆ ಸಾಮಾನ್ಯ ಒಕ್ಕಲಿಗೆ ದಕ್ಕಿದ್ದು ನೂರಕ್ಕೆ ಒಂದು ಪಾಲೂ ಇಲ್ಲ. 1850ರಲ್ಲಿ ಪರದೇಶದವರೂ ಭೂಮಿ ಕೊಳ್ಳಬಹುದೆಂದಾಯಿತು. ಕಬ್ಬಿನ ತೋಟಗಳು ಎದ್ದವು, ತೋಟಕ್ಕೆ ಆಳು ಬೇಕಾಯಿತು. ಹುಲ ಕಲಿಯಲು ಹೋದವನು ದುಡಿಮೆಗೆ ಬರುವುದಿಲ್ಲ ಎಂಬ ದೂರು ಆಗ ಕೇಳಿಬಂತು. ಹತ್ತು ಡಾಲರ್ ಲೈಸೆನ್ಸು ಹುಟ್ಟಿದ್ದು ಆ ಕಾಲದಲ್ಲಿ. ಗಿರಣಿಯ ಸೈರನ್ ಕೇಳಿ ಏಳುವ ನಿಮಗೆ ಈ ಲೆಕ್ಕ ಬೇಗ ತಿಳಿಯುತ್ತದೆ.

1883ರಲ್ಲಿ ರಾಜ ಕಲಾಕೌವ ತನ್ನ ಪಟ್ಟಾಭಿಷೇಕಕ್ಕೆ ಹುಲವನ್ನು ಬಹಿರಂಗವಾಗಿ ಆಡಿಸಿದ. ಕಾರ್ಯಕ್ರಮದ ಪಟ್ಟಿಯನ್ನು ಅಚ್ಚು ಹಾಕಿಸಿದವರ ಮೇಲೆ ಅಶ್ಲೀಲದ ಮೊಕದ್ದಮೆ ಬಿತ್ತು. (ಅಚ್ಚುಕೂಟದವರ ಹಣೆಬರಹ ಎಲ್ಲ ದೇಶದಲ್ಲೂ ಒಂದೇ!) ಹತ್ತು ವರ್ಷಕ್ಕೆ, 1893ರಲ್ಲಿ, ಸಕ್ಕರೆ ಧಣಿಗಳ ಕಡೆಯವರು ಅಮೆರಿಕದ ನೌಕಾಪಡೆಯ ಆಸರೆಯಲ್ಲಿ ರಾಣಿ ಲಿಲಿಉಕಲಾನಿಯನ್ನು ಇಳಿಸಿದರು. 1898ರಲ್ಲಿ ದ್ವೀಪಗಳೇ ಅಮೆರಿಕದ ಪಾಲಾದವು.

ನೀರಿನ ಗತಿ ಏನಾಯಿತು ನೋಡಿ. ಲಹೈನಾ ಎಂಬ ಊರು ಒಂದು ಕಾಲಕ್ಕೆ ರಾಜಧಾನಿ. ಕೆಸುವಿನ ಗದ್ದೆ, ಮೀನಿನ ಕೊಳ ತುಂಬಿದ ತಂಪು ನೆಲ. 1860ರಲ್ಲಿ ಅಲ್ಲಿ ಪಯೋನಿಯರ್ ಸಕ್ಕರೆ ಗಿರಣಿ ಬಂತು. ತೊರೆಗಳನ್ನು ಕಾಲುವೆಗೆ ತಿರುಗಿಸಿ ಕಬ್ಬಿಗೆ ಹರಿಸಿದರು. 1999ರಲ್ಲಿ ಗಿರಣಿ ಮುಚ್ಚಿತು. ದುಡಿದವರು ಮನೆಗೆ ಹೋದರು, ನೀರು ಮಾತ್ರ ಹಳೆಯ ಗದ್ದೆಗೆ ಮರಳಲಿಲ್ಲ. ಬಿಟ್ಟ ಹೊಲದಲ್ಲಿ ಹೊರದೇಶದ ಹುಲ್ಲು ಆಳುದ್ದ ಬೆಳೆದು ಒಣಗಿತು. 2023ರ ಆಗಸ್ಟ್ 8ರಂದು ಬಿರುಗಾಳಿಯಲ್ಲಿ ಮುರಿದ ವಿದ್ಯುತ್ ತಂತಿಯ ಕಿಡಿ ಆ ಹುಲ್ಲಿಗೆ ತಾಗಿ ಊರೇ ಸುಟ್ಟಿತು. ನೂರಕ್ಕೂ ಹೆಚ್ಚು ಜನ ಸತ್ತರು. ಭೂಮಿ ಬಿಸಿಯೇರುತ್ತಿದೆ, ನಿಜ. ಆದರೆ ಆ ನೆಲವನ್ನು ಒಣಗಿಸಿದ ಕೈ ಮನುಷ್ಯರದು, ಅದಕ್ಕೆ ಲೆಕ್ಕದ ಪುಸ್ತಕಗಳಿವೆ.

ಇನ್ನು ಹೋರಾಟದ ಮಾತು. ಹುಲ ಆಡುವವರಿಗೆ ಕಾಡಿನ ಜರೀಗಿಡ ಬೇಕು, ಬಳ್ಳಿ ಬೇಕು, ಹೂ ಬೇಕು. ಕಾಡಿಗೆ ಬೇಲಿ ಬಿದ್ದರೆ ಕುಣಿತವೂ ನಿಲ್ಲುತ್ತದೆ. ಖಾಸಗಿ ನೆಲದಲ್ಲೂ ಸೊಪ್ಪು ಸದೆ ಆಯುವ ಹಳೆಯ ಹಕ್ಕನ್ನು 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 1997ರಲ್ಲಿ ಶಾಸನಸಭೆಯಲ್ಲಿ ಅದನ್ನು ಕತ್ತರಿಸುವ ಮಸೂದೆ ಬಂತು. ಹುಲ ಗುರುಗಳು ಶಿಷ್ಯರೊಂದಿಗೆ ಬಂದು ಶಾಸನಸಭೆಯ ಅಂಗಳದಲ್ಲಿ ಹಗಲೂ ರಾತ್ರಿ ಡೋಲು ಬಾರಿಸಿದರು. ಮಸೂದೆ ಬಿದ್ದುಹೋಯಿತು.

ಮುಂದೆ ಮೌನಾ ಕೆಯಾ, 13,800 ಅಡಿಯ ಪವಿತ್ರ ಪರ್ವತ. ರಾಜ್ಯ ಹೋದಾಗ ಕೈತಪ್ಪಿದ ನೆಲ ಅದು. 1968ರಲ್ಲಿ ಅದರ ನೆತ್ತಿಯನ್ನು ವಿಶ್ವವಿದ್ಯಾನಿಲಯಕ್ಕೆ 65 ವರ್ಷ ಗುತ್ತಿಗೆ ಕೊಟ್ಟರು. ಗೇಣಿ ವರ್ಷಕ್ಕೆ ಒಂದು ಡಾಲರ್! ಅಲ್ಲಿ ಆಗಲೇ ಇದ್ದ ಹಲವು ದೂರದರ್ಶಕಗಳ ಜೊತೆಗೆ ಮೂವತ್ತು ಮೀಟರಿನ ಮತ್ತೊಂದನ್ನು ಕಟ್ಟಲು 2019ರ ಜುಲೈಯಲ್ಲಿ ಲಾರಿಗಳು ಹೊರಟಾಗ ಜನ ದಾರಿಯಲ್ಲಿ ಕುಳಿತರು. ಮೂವತ್ತಕ್ಕೂ ಹೆಚ್ಚು ಮಂದಿ ಹಿರಿಯರನ್ನು ಪೊಲೀಸರು ಹಿಡಿದರು. ದಿನಕ್ಕೆ ಮೂರು ಹೊತ್ತು ಆ ಡಾಂಬರು ರಸ್ತೆಯ ಮೇಲೆಯೇ ಹಾಡು, ಹುಲ ನಡೆದವು. ಕಲಿಯದವರಿಗೂ ಅಲ್ಲೇ ಕಲಿಸಿದರು. ಲಾರಿಗಳು ಮೇಲೇರಲಿಲ್ಲ.

ಇದು ದೂರದ ಸುದ್ದಿ ಎನ್ನಬೇಡಿ. ಆ ದೂರದರ್ಶಕದಲ್ಲಿ ಭಾರತವೂ ಪಾಲುದಾರ. 2014ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದರ 492 ಕನ್ನಡಿ ತುಂಡುಗಳಲ್ಲಿ ನಮ್ಮ ಪಾಲಿನವನ್ನು ಉಜ್ಜಿ ನಯಮಾಡಲು ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಹೊಸಕೋಟೆಯಲ್ಲಿ ಕಾರ್ಯಾಗಾರ ಕಟ್ಟಿದೆ. ನಾನು ವಿಜ್ಞಾನದ ವೈರಿಯಲ್ಲ. ನಕ್ಷತ್ರ ನೋಡುವುದು ಒಳ್ಳೆಯ ಕೆಲಸ. ಹವಾಯಿಯವರು ನಕ್ಷತ್ರ ನೋಡಿಯೇ ಸಮುದ್ರ ದಾಟಿ ಬಂದವರು. ಆದರೆ ನಮ್ಮ ತೆರಿಗೆಯ ಹಣ ಯಾರ ಬೆಟ್ಟಕ್ಕೆ, ಯಾರನ್ನು ಕೇಳಿ ಹೋಯಿತು? 2025ರಲ್ಲಿ ಅಮೆರಿಕದ ವಿಜ್ಞಾನ ನಿಧಿ ಈ ಯೋಜನೆಗೆ ಹಣ ಮುಂದುವರಿಸುವುದಿಲ್ಲವೆಂದಿತು. ಅದೇ ವರ್ಷ ಸ್ಪೇನ್ ದೇಶ ತನ್ನ ಲಾ ಪಾಲ್ಮಾ ದ್ವೀಪಕ್ಕೆ ಬನ್ನಿ, ಹಣ ಕೊಡುತ್ತೇವೆ ಎಂದು ಕರೆಯಿತು. ನಮ್ಮ ಪಾರ್ಲಿಮೆಂಟಿನ ಸದಸ್ಯರು ಈ ಕಡತವನ್ನು ತರಿಸಿ ನೋಡಲಿ. ಮೌನಾ ಕೆಯಾದ ರಸ್ತೆಯಲ್ಲಿ ಕುಣಿದವರಿಗೆ ಭಾರತ ಏನು ಹೇಳುತ್ತದೆಂದು ಸಭೆಯಲ್ಲಿ ಕೇಳಲಿ.